ಕಡಲು ಸೇರುವ ನದಿ, ಹೊಲ ಸೇರುವ ನದಿ

ಧಾರವಾಡದ ದಕ್ಷಿಣದ ಅಂಚಿನಲ್ಲಿ ಸೋಮೇಶ್ವರ ದೇವಸ್ಥಾನವಿದೆ. ಶಾಲ್ಮಲಾ ನದಿ ಹುಟ್ಟುವುದು ಅಲ್ಲಿಯೇ. ಮಳೆಗಾಲ ಕಳೆದ ಮೇಲೆ ಅದನ್ನು ನೋಡಿದವರು ನದಿ ಎಂದು ಕರೆಯಲು ಹಿಂದೆಮುಂದೆ ನೋಡುತ್ತಾರೆ. ಅಷ್ಟು ಸಣ್ಣ ಹರಿವು. ಆ ನೀರು ಕಲಘಟಗಿಯ ಕಡೆ ಸಾಗಿ ಬೇಡ್ತಿಯಾಗುತ್ತದೆ. ಯಲ್ಲಾಪುರದ ಕಾಡಿನಲ್ಲಿ ಮಾಗೋಡಿನ ಬಂಡೆಗಳ ಮೇಲಿಂದ ಧುಮುಕುತ್ತದೆ. ಘಟ್ಟ ಇಳಿದ ಮೇಲೆ ಗಂಗಾವಳಿ ಎನ್ನಿಸಿಕೊಂಡು ಅಂಕೋಲೆಯ ದಕ್ಷಿಣಕ್ಕೆ ಅರಬ್ಬಿ ಸಮುದ್ರ ಸೇರುತ್ತದೆ. ಹುಟ್ಟಿನಿಂದ ಕಡಲಿನವರೆಗೆ ಸುಮಾರು 160 ಕಿಲೋಮೀಟರ್. ಇಡೀ ನದಿಯ ಬದುಕನ್ನು ಒಂದೇ ದಿನದ ಬಸ್ ಪ್ರಯಾಣದಲ್ಲಿ ತಲೆಯಿಂದ ಕಾಲಿನವರೆಗೆ ಹಿಂಬಾಲಿಸುವ ಅವಕಾಶ ಎಲ್ಲ ಊರಿನವರಿಗೂ ಸಿಗುವುದಿಲ್ಲ. ಧಾರವಾಡಕ್ಕೆ ಓದಲು ಬಂದವರಿಗೆ ಸಿಗುತ್ತದೆ.

ಕೃಷಿ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ನಮ್ಮ ಜೊತೆ ಅಫ್ಗಾನಿಸ್ತಾನದ ಹೆಲ್ಮಂದ್ ಪ್ರಾಂತದ ಗೆಳೆಯನೊಬ್ಬನಿದ್ದ. ಹತ್ತಿಯ ಮೇಲೆ ಸಂಶೋಧನೆ ಮಾಡಲು ಬಂದವನು. ಅವನ ನಾಡಿನಲ್ಲಿ ಹತ್ತಿ, ಗೋಧಿ, ಕರಬೂಜ ಬೆಳೆಯುತ್ತವೆ; ಕಡಲು ಮಾತ್ರ ಇಲ್ಲ. ನಾಲ್ಕೂ ದಿಕ್ಕಿಗೆ ನೆಲವೇ ಇರುವ ದೇಶ ಅದು. ಒಂದು ಸಂಜೆ ಮೆಸ್ಸಿನಲ್ಲಿ ಊಟ ಮಾಡುತ್ತ ಶಾಲ್ಮಲೆಯ ಕಥೆ ಹೇಳಿದಾಗ ಅವನು ತುತ್ತು ನಿಲ್ಲಿಸಿದ. ಇಲ್ಲಿ ಹುಟ್ಟಿದ ನೀರು ಕಡಲು ಮುಟ್ಟುತ್ತದೆಯೇ ಎಂದು ಎರಡು ಸಲ ಕೇಳಿದ. ಹೆಲ್ಮಂದ್ ನದಿ ಕಾಬೂಲಿನ ಪಶ್ಚಿಮದ ಹಿಂದೂಕುಶ್ ಬೆಟ್ಟಗಳಲ್ಲಿ ಹುಟ್ಟಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹರಿದು, ಇರಾನಿನ ಗಡಿಯ ಸಿಸ್ತಾನದಲ್ಲಿ, ಹಾಮೂನ್ ಎಂಬ ಜೌಗು ಸರೋವರಗಳಲ್ಲಿ ಮುಗಿದುಹೋಗುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಸರೋವರಗಳೂ ಒಣಗುತ್ತವೆ. ಕಾಬೂಲ್ ನದಿ ಸಿಂಧೂವನ್ನು ಕೂಡಿಕೊಂಡು ಕಡಲಿಗೆ ಹೋಗುತ್ತದೆ. ಅವನ ದೇಶದ ದೊಡ್ಡ ನದಿಗಳಲ್ಲಿ ಹೆಚ್ಚಿನವುಗಳಿಗೆ ಆ ದಾರಿ ಇಲ್ಲ. ನದಿಯೊಂದು ಕಡಲು ಸೇರುವುದನ್ನು ಅವನು ಎಂದೂ ಕಂಡಿರಲಿಲ್ಲ. ಶನಿವಾರ ಭಾನುವಾರ ಎರಡು ದಿನ ಸಾಕು, ಹೋಗಿಬರೋಣ ಎಂದು ತೀರ್ಮಾನವಾಯಿತು. ನಮ್ಮಲ್ಲಿ ಒಬ್ಬ ಕಾರವಾರ ತಾಲ್ಲೂಕಿನ ತೋಡೂರಿನವನು. ಉಳಿಯಲು ಅವನ ಮನೆ ಇತ್ತು. ಇನ್ನೊಬ್ಬ ಬೀದರಿನವನು, ಅವನ ಉರ್ದು ದಾರಿಯುದ್ದಕ್ಕೂ ನಮಗೆ ಬೇಕಾಯಿತು. ನಾನು ನವಲಗುಂದದ ಕಡೆಯವನು, ಎರೆಮಣ್ಣಿನ ಬಯಲಿನಲ್ಲಿ ಬೆಳೆದವನು. ಡಿಸೆಂಬರಿನ ಚಳಿಯಲ್ಲಿ, ಬೆಳಕು ಹರಿಯುವ ಮೊದಲೇ ವಾಯವ್ಯ ಸಾರಿಗೆಯ ಬಸ್ ಹತ್ತಿದೆವು.

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲೆ ಸೇರುವ ಈ ರಸ್ತೆಯಲ್ಲಿ ಈಗ ಲಾರಿಗಳದೇ ಸಾಲು. ಬಯಲುಸೀಮೆಯ ಹತ್ತಿಗೂ ಈ ಕರಾವಳಿಗೂ ಹಳೆಯ ನಂಟಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ ಮ್ಯಾಂಚೆಸ್ಟರಿನ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲು ಹತ್ತಿರದ ಬಂದರು ಬೇಕಿತ್ತು. ಆವರೆಗೆ ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿ, ಕಾರವಾರವನ್ನು ಜಿಲ್ಲಾ ಕೇಂದ್ರ ಮಾಡಿ, ಘಟ್ಟದ ರಸ್ತೆಗಳನ್ನು ಹತ್ತಿಗಾಡಿಗಳಿಗೆ ತಕ್ಕಂತೆ ಸಿದ್ಧಪಡಿಸಿದರು. 1880ರ ದಶಕದ ಕೊನೆಯ ಹೊತ್ತಿಗೆ ರೈಲು ಗೋವೆಯ ಮರ್ಮಗೋವಾ ಬಂದರಿನ ಕಡೆ ಹೋಯಿತು, ಹತ್ತಿ ಅದರ ಹಿಂದೆ ಹೋಯಿತು, ಕಾರವಾರದ ಬಂದರು ಸಪ್ಪಗಾಯಿತು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ದಶಕಗಳಿಂದ ನಡೆದಿದೆ. ಕಾಡಿನ ಪ್ರಶ್ನೆ ಅದಕ್ಕೆ ಎದುರಾಗಿದೆ. ಹತ್ತಿಯ ವಿದ್ಯಾರ್ಥಿಯಾದ ನಮ್ಮ ಗೆಳೆಯ ಕಿಟಕಿಗೆ ಹಣೆ ಹಚ್ಚಿ ಇದನ್ನೆಲ್ಲ ಕೇಳಿದ. ಇಂಗ್ಲಿಷರು ಹೊಲ ನೋಡಿ ರಸ್ತೆ ಹಾಕುತ್ತಿದ್ದರು, ರಸ್ತೆ ನೋಡಿ ಜಿಲ್ಲೆ ಬರೆಯುತ್ತಿದ್ದರು, ನಮ್ಮ ಕಡೆಯೂ ಗಡಿಗೆರೆ ಅವರೇ ಎಳೆದದ್ದು ಎಂದ.

ಅರಬೈಲು ಘಟ್ಟದ ತಿರುವುಗಳು ಮುಗಿದ ಮೇಲೆ ಗುಳ್ಳಾಪುರ, ರಾಮನಗುಳಿ, ಸುಂಕಸಾಳ. ಇಲ್ಲಿ ನದಿ ಮತ್ತೆ ಜೊತೆಯಾಗುತ್ತದೆ. 2021ರ ಜುಲೈ ನೆರೆಯಲ್ಲಿ ಗುಳ್ಳಾಪುರದ ಸೇತುವೆಯನ್ನೇ ಹೊತ್ತೊಯ್ದ ನದಿ ಡಿಸೆಂಬರಿನಲ್ಲಿ ಕಲ್ಲುಗಳ ನಡುವೆ ತೆಳ್ಳಗೆ, ತಿಳಿಯಾಗಿ ಹರಿಯುತ್ತಿತ್ತು. ಮಾಸ್ತಿಕಟ್ಟೆ ಬಂದಾಗ ತೋಡೂರಿನ ಗೆಳೆಯ ಎದ್ದುನಿಂತು ಕಾಡಿನ ಕಡೆ ಕೈ ತೋರಿಸಿದ. ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸಿದ್ದು ಇಲ್ಲಿಯೇ. ಹಾಲಕ್ಕಿ ಒಕ್ಕಲಿಗರ ಮನೆಯ ಈ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾವ ಮರ ತಾಯಿಮರ, ಅದರ ಬೀಜವನ್ನು ಯಾವಾಗ ಆಯಬೇಕು ಎಂಬ ತಿಳಿವಳಿಕೆ ಮಾತ್ರ ಅವರಲ್ಲಿ ತುಂಬಿತ್ತು. ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿ ಹೋದವರು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ಬೀಜದ ಆಯ್ಕೆಯ ಮೇಲೆಯೇ ಪಾಠ ಕೇಳುವ ನಾವು ನಾಲ್ವರೂ ಆ ಕಡೆ ನೋಡಿದೆವು. ನಾವು ಓದುವ ವಿದ್ಯೆಗೆ ಪುಸ್ತಕದ ಆಚೆಗೂ ಗುರುಗಳಿದ್ದಾರೆ ಎನ್ನುವುದನ್ನು ಆ ರಸ್ತೆ ನೆನಪಿಸಿತು.

ಕಾರವಾರದಲ್ಲಿ ಇಳಿದಾಗ ಮಧ್ಯಾಹ್ನ. ಬಸ್ ನಿಲ್ದಾಣದಿಂದ ಕಡಲು ದೂರವಿಲ್ಲ, ನಡೆದೇ ಹೊರಟೆವು. ಗಾಳಿಮರಗಳ ಸಾಲು ದಾಟಿದೊಡನೆ ಅದು ಕಂಡಿತು. ಹೆಲ್ಮಂದಿನ ಗೆಳೆಯ ಏನೂ ಮಾತಾಡಲಿಲ್ಲ. ಚಪ್ಪಲಿ ಕಳಚಿ, ಪೈಜಾಮ ಮಡಚಿ ಮೊಣಕಾಲಿನವರೆಗೆ ನೀರಿಗಿಳಿದ. ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿಕೊಂಡು, ಉಪ್ಪು ಎಂದು ಕೇಳಿದ್ದೆ, ಇಷ್ಟು ಎಂದು ಗೊತ್ತಿರಲಿಲ್ಲ ಎಂದ. ಹೊಲಕ್ಕೆ ಉಪ್ಪುನೀರು ನುಗ್ಗಿದರೆ ಇಲ್ಲಿಯವರು ಏನು ಮಾಡುತ್ತಾರೆ ಎನ್ನುವುದು ಅವನ ಮುಂದಿನ ಪ್ರಶ್ನೆ. ಕಗ್ಗ ಭತ್ತದ ವಿಷಯ ಹೇಳಿದೆವು. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು, ನೀರು ಏರಿದಂತೆ ತಾನೂ ಎತ್ತರಕ್ಕೆ ಬೆಳೆಯುವ ತಳಿ ಅದು. ಕಡಲನ್ನು ಮೊದಲ ಸಲ ಕಂಡವನು ಅರ್ಧ ಗಂಟೆ ಭತ್ತದ ಮಾತು ಕೇಳಿದ.

ಆ ತೀರಕ್ಕೆ ಈಗ ರವೀಂದ್ರನಾಥ ಟಾಗೋರರ ಹೆಸರು. 1883ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರು ಇಲ್ಲಿಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು, ಐಸಿಎಸ್ ಪಾಸು ಮಾಡಿದ ಮೊದಲ ಭಾರತೀಯರು, ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಅದಕ್ಕೆ ಕೆಲವೇ ವರ್ಷ ಮೊದಲು ಟಾಗೋರರು ಓದಲೆಂದು ಇಂಗ್ಲೆಂಡಿಗೆ ಹೋಗಿ ಪದವಿ ಪಡೆಯದೆ ಮರಳಿದ್ದರು. ಪರದೇಶದ ಓದನ್ನು ಅರ್ಧಕ್ಕೆ ಬಿಟ್ಟು ಬಂದ ತರುಣ ಕಾಳಿ ನದಿಯಲ್ಲಿ ದೋಣಿ ಏರಿ ಹೋದ, ಬೆಳದಿಂಗಳಿನಲ್ಲಿ ಮರಳ ಮೇಲೆ ನಡೆದು ಮನೆಗೆ ಮರಳಿದ ಆ ರಾತ್ರಿಯನ್ನು ಮುಂದೆ ಆತ್ಮಕಥನದಲ್ಲಿ ನೆನೆದರು. ಕಾರವಾರದಲ್ಲಿಯೇ ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದರು. ಲೋಕದ ನಂಟು ಹರಿದುಕೊಂಡೆ ಎಂದು ಬೀಗುವ ಸನ್ಯಾಸಿಯೊಬ್ಬನನ್ನು ದಿಕ್ಕಿಲ್ಲದ ಪುಟ್ಟ ಹುಡುಗಿಯೊಬ್ಬಳು ಮತ್ತೆ ಲೋಕಕ್ಕೆ ಎಳೆದು ತರುವ ಕಥೆ ಅದು.

ಇಷ್ಟು ಹೇಳುವಷ್ಟರಲ್ಲಿ ನಮ್ಮ ಗೆಳೆಯ ‘ಕಾಬೂಲಿವಾಲಾ’ ಎಂದ. ಆ ಕಥೆ ಅವನಿಗೆ ಗೊತ್ತಿತ್ತು. ಬಲರಾಜ್ ಸಾಹ್ನಿಯವರ 1961ರ ಸಿನಿಮಾವನ್ನು ಅವನ ಅಪ್ಪ ಮನೆಮಂದಿಗೆಲ್ಲ ತೋರಿಸಿದ್ದರಂತೆ. ಒಣಹಣ್ಣು ಮಾರಲು ಕೋಲ್ಕತ್ತೆಗೆ ಬಂದ ರಹಮತ, ಊರಿನಲ್ಲಿ ಬಿಟ್ಟುಬಂದ ಮಗಳ ಅಂಗೈ ಗುರುತನ್ನು ಕಾಗದದಲ್ಲಿ ಎದೆಗೆ ಇಟ್ಟುಕೊಂಡು ತಿರುಗುವವನು, ಬಂಗಾಳಿ ಮನೆಯ ಪುಟ್ಟ ಮಿನಿಯಲ್ಲಿ ಆ ಮಗಳನ್ನು ಕಾಣುತ್ತಾನೆ. ಟಾಗೋರರು ಅದನ್ನು ಬರೆದದ್ದು 1892ರಲ್ಲಿ. ಕಾರವಾರದ ನಾಟಕ, ಕೋಲ್ಕತ್ತೆಯ ಕಥೆ, ಎರಡರಲ್ಲೂ ಒಂಟಿ ಗಂಡಸೊಬ್ಬನ ಎದೆಯ ಬಾಗಿಲನ್ನು ತೆರೆಯುವವಳು ಒಬ್ಬ ಚಿಕ್ಕ ಹುಡುಗಿ. ಕಾರವಾರದಲ್ಲಿ ಮೊದಲು ಹೊಳೆದದ್ದು ಒಂಬತ್ತು ವರ್ಷ ಅವರೊಳಗೆ ಉಳಿದು ಅಫ್ಗಾನಿ ವ್ಯಾಪಾರಿಯ ರೂಪದಲ್ಲಿ ಮರಳಿ ಬಂದಿರಬಹುದು ಎಂದು ನನಗೆ ಅನ್ನಿಸಿತು. ಆ ದಂಡೆಯ ಮೇಲೆ, ಆ ಗೆಳೆಯನ ಪಕ್ಕದಲ್ಲಿ ಕೂತಿದ್ದರಿಂದಲೇ ನನಗೆ ಅದು ಹೊಳೆಯಿತು. ಅವನಿಗೆ ಊರಿನಲ್ಲಿ ತಂಗಿಯೊಬ್ಬಳಿದ್ದಾಳೆ. ಅವಳ ಶಾಲೆ ನಿಂತುಹೋಗಿದೆ.

ದಂಡೆಯ ಇನ್ನೊಂದು ಬದಿಯಲ್ಲಿ ‘ಐಎನ್‌ಎಸ್ ಚಪಲ್’ ಎಂಬ ಕ್ಷಿಪಣಿ ನೌಕೆ ನೆಲದ ಮೇಲೆ ನಿಂತಿದೆ. ರಷ್ಯಾದಲ್ಲಿ ಕಟ್ಟಿದ ಈ ನೌಕೆ ಸೇವೆಯಿಂದ ನಿವೃತ್ತವಾದ ಮೇಲೆ ಮ್ಯೂಸಿಯಂ ಆಗಿದೆ. ಮಕ್ಕಳು ಸಾಲುಗಟ್ಟಿ ಹತ್ತಿ ಇಳಿಯುತ್ತಿದ್ದರು. ನಾವು ಹೊರಗಿನಿಂದ ನೋಡಿ ಕಾಳಿ ಸೇತುವೆಯ ಕಡೆ ಹೊರಟೆವು. ಅಲ್ಲಿ ಹಳೆಯ ಸೇತುವೆ ಈಗ ಇಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಅದು ಕುಸಿದು ಲಾರಿಯೊಂದು ನದಿಗೆ ಬಿತ್ತು. ಮೀನುಗಾರರು, ಪೊಲೀಸರು ಸೇರಿ ಚಾಲಕನನ್ನು ಜೀವಂತ ಮೇಲೆತ್ತಿದರು. ಹೊಸ ಸೇತುವೆಯ ಆಚೆ ಬದಿಗೆ ಸದಾಶಿವಗಡ, ಸೋದೆಯ ಅರಸರು ಕಟ್ಟಿದ ಕೋಟೆಯ ಗುಡ್ಡ. ನದಿ ಕಡಲಿಗೆ ಕೂಡುವಲ್ಲಿ ಗುಡ್ಡದ ಮೇಲೊಂದು ಕೋಟೆ ಕಂಡು ಗೆಳೆಯ ತನ್ನೂರ ಬೋಸ್ತ್ ಕೋಟೆಯ ಮಾತು ತೆಗೆದ. ಹೆಲ್ಮಂದ್ ಮತ್ತು ಅರ್ಗಂದಾಬ್ ನದಿಗಳು ಕೂಡುವಲ್ಲಿ ಅದರ ಹಳೆಯ ಕಮಾನು ನಿಂತಿದೆಯಂತೆ. ನೀರು ಕೂಡುವ ಕಡೆ ಅರಸರು ಕಾವಲು ಕೂರಿಸುತ್ತಾರೆ, ಎಲ್ಲ ಕಡೆಯೂ ಹಾಗೆಯೇ ಎಂದ.

ಸಂಜೆ ದಂಡೆಗೆ ಮರಳಿದಾಗ ಏಂಡಿ ಬಲೆ ಎಳೆಯುವುದು ನಡೆದಿತ್ತು. ದೋಣಿಯಲ್ಲಿ ಹೋದವರು ಕಡಲಿನಲ್ಲಿ ಬಲೆಯನ್ನು ಅರ್ಧಚಂದ್ರದಂತೆ ಹರಡಿ, ಅದರ ಎರಡು ತುದಿಯ ಹಗ್ಗಗಳನ್ನು ದಂಡೆಗೆ ತಂದುಕೊಟ್ಟಿರುತ್ತಾರೆ. ಎರಡು ಗುಂಪು ನಿಂತು ಆ ಹಗ್ಗಗಳನ್ನು ಎಳೆಯಬೇಕು. ಎಳೆಯುತ್ತ ಎಳೆಯುತ್ತ ಗುಂಪುಗಳು ಒಂದಕ್ಕೊಂದು ಹತ್ತಿರ ಬರುತ್ತವೆ, ಬಲೆಯ ಬಾಯಿ ಕಿರಿದಾಗುತ್ತದೆ. ಇದಕ್ಕಿಂತ ದೊಡ್ಡದು ರಂಪಣಿ. ಅದಕ್ಕೆ ಹತ್ತಾರು ಜನ ಬೇಕು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಮೀನು ಆಳದಲ್ಲಿಯೇ ಬಲೆಗೆ ಬೀಳತೊಡಗಿ ದಂಡೆಯ ರಂಪಣಿ ಸೊರಗಿತು. ಉಳಿದಿರುವುದನ್ನು ಹರಿಕಂತ್ರರು, ಖಾರ್ವಿಗಳು, ಗಾಬಿತರು ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ನಾವು ಕೈ ಹಾಕಬಹುದೇ ಎಂದು ಕೇಳಿದೆವು. ಹಿರಿಯರೊಬ್ಬರು ಜಾಗ ಬಿಟ್ಟುಕೊಟ್ಟು, ತೋಳಿನಿಂದ ಎಳೆಯಬೇಡಿ, ಸೊಂಟ ಹಿಂದಕ್ಕೆ ಒಗೆದು ಹಿಮ್ಮಡಿ ಊರಿ ಎಂದರು. ಒದ್ದೆ ಹಗ್ಗ ಅಂಗೈ ಸುಲಿಯುತ್ತಿತ್ತು. ಮುಂದಿನವನ ಬೆನ್ನು, ಹಿಂದಿನವನ ಉಸಿರು, ಕಾಲ ಕೆಳಗೆ ಜಾರುವ ಮರಳು, ಎಲ್ಲರ ಬಾಯಲ್ಲಿ ಒಂದೇ ಲಯದ ಕೂಗು. ಬಲೆ ದಂಡೆಗೆ ಬಂದಾಗ ಒಳಗೆ ಬಂಗಡೆ, ತಾರ್ಲೆ, ಒಂದಿಷ್ಟು ಶೆಟ್ಲಿ. ಎಳೆದವರಿಗೆಲ್ಲ ಪಾಲು ಎಂಬುದು ಅಲ್ಲಿನ ರೂಢಿ. ನಮ್ಮ ಪಾಲೆಂದು ಒಂದು ಚೀಲದ ತುಂಬ ಬಂಗಡೆ ಕೊಟ್ಟರು. ದುಡ್ಡಿನ ಮಾತು ತೆಗೆದರೆ ಬೈದರು. ಯಾವ ದೇಶದವನು ಎಂದು ಅವರು ಅಫ್ಗಾನಿ ಗೆಳೆಯನನ್ನು ಕೇಳಿದ್ದು ಮೀನು ಹಂಚಿ ಮುಗಿದ ಮೇಲೆ.

ಚೀಲ ಹಿಡಿದು ತೋಡೂರಿಗೆ ಹೋದೆವು. ಗೆಳೆಯನ ಮನೆ ಇರುವುದು ಸೀಬರ್ಡ್ ನಿರಾಶ್ರಿತರ ಕಾಲೊನಿಯಲ್ಲಿ. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಯ ಹೆಸರಿನಲ್ಲಿ ಇಲ್ಲಿನ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ‘ಐಎನ್‌ಎಸ್ ಕದಂಬ’ ಎಂಬ ಹೆಸರಿನಲ್ಲಿ ಅದು ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಆ ನಡುವೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಊರುಗಳಿಂದ ಸಾವಿರಾರು ಕುಟುಂಬಗಳು ಎದ್ದವು. ಗದ್ದೆ, ತೆಂಗಿನ ಹಿತ್ತಿಲು, ದೋಣಿ ಎಳೆದಿಡುವ ದಂಡೆ, ದೇವರ ಗುಡಿ ಎಲ್ಲ ಬೇಲಿಯ ಒಳಗಾದವು. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ಎಳೆದವು. ತೋಡೂರು, ಮುದಗಾ ಮೊದಲಾದ ಕಡೆ ಕಾಲೊನಿಗಳು ಎದ್ದವು. ದೇಶಕ್ಕೆ ನೌಕಾನೆಲೆ ಬೇಕು ಎನ್ನುವುದನ್ನು ಇಲ್ಲಿಯ ಯಾರೂ ಅಲ್ಲಗಳೆಯುವುದಿಲ್ಲ. ತಾವು ಕೊಟ್ಟದ್ದು ಏನು ಎಂಬುದು ಉಳಿದವರಿಗೆ ನೆನಪಿರಲಿ ಎಂದಷ್ಟೇ ಕೇಳುತ್ತಾರೆ.

ಗೆಳೆಯನ ಅಜ್ಜಿ ಬಾಗಿಲಲ್ಲಿಯೇ ಚೀಲ ಇಸಿದುಕೊಂಡರು. ಹಿಂದಿನ ಜಗಲಿಯಲ್ಲಿ ಒಂದು ಅರೆಯುವ ಕಲ್ಲು. ಹಳೆಯ ಮನೆ ಬಿಡುವಾಗ ಅಲ್ಲಿಂದ ಹೊತ್ತು ತಂದ ಕಲ್ಲು ಅದು. ಮಿಕ್ಸಿ ಇದ್ದರೂ ಮೀನಿನ ಮಸಾಲೆಗೆ ಅಜ್ಜಿಗೆ ಆ ಕಲ್ಲೇ ಆಗಬೇಕು. ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ ಹಾಕಿ ನುಣ್ಣಗೆ ಅರೆದು, ಬಂಗಡೆ ಸಾರಿಗೆ ಜುಮ್ಮನಕಾಯಿಯನ್ನು ಬೇರೆಯಾಗಿ ಜಜ್ಜಿ ಹಾಕಿದರು. ಹುಳಿಗೆ ಮುರುಗಲು ಸಿಪ್ಪೆ. ಕಲ್ಲಿನ ನಡುವೆ ಅವರ ಕೈಯೂ ಅವರ ಅತ್ತೆಯ ಕೈಯೂ ಮಾಡಿದ ತಗ್ಗು ಕಾಣುತ್ತಿತ್ತು. ಕುಚ್ಚಲಕ್ಕಿ ಅನ್ನಕ್ಕೆ ಸಾರು ಬಡಿಸಿ, ಹೆಲ್ಮಂದಿನ ಹುಡುಗನಿಗೆ ಮುಳ್ಳು ಬಿಡಿಸಲು ಬಾರದ್ದನ್ನು ಕಂಡು ಅಜ್ಜಿ ಪಕ್ಕದಲ್ಲಿ ಕೂತರು. ಮೀನಿನ ನಡುಮುಳ್ಳನ್ನು ಒಂದೇ ಎಳೆತಕ್ಕೆ ಎತ್ತಿ, ಮಾಂಸವನ್ನು ಅವನ ತಟ್ಟೆಗೆ ಸರಿಸುತ್ತ, ‘ಉಣ್ಣು ತಮ್ಮಾ, ನಾಚ್ಕಬೇಡ’ ಎಂದರು.

ಊಟದ ನಡುವೆ ಅಜ್ಜಿ ಒಂದೊಂದೇ ಕೇಳಿದರು. ಇಷ್ಟು ದೂರ ಯಾಕೆ ಬಂದೆ, ತಾಯಿಗೆ ಫೋನು ಹತ್ತುತ್ತದೆಯೇ, ಊರಿನಲ್ಲಿ ಮನೆ ಹಾಗೇ ಇದೆಯೇ. ಬೀದರಿನ ಗೆಳೆಯ ಅದನ್ನು ಉರ್ದುವಿಗೆ ತಿರುಗಿಸುತ್ತಿದ್ದ. ಮನೆ ಇದೆ, ನಮ್ಮೂರು ಲಷ್ಕರ್‌ಗಾಹ್‌ನಲ್ಲಿ ಕಾದಾಟ ಜೋರಾದಾಗ ಎರಡು ಸಲ ಬಿಟ್ಟು ಓಡಿದ್ದೆವು, ಮರಳಿ ಬಂದಾಗ ಗೋಡೆ ಇತ್ತು, ದಾಳಿಂಬೆ ಗಿಡಗಳು ಒಣಗಿದ್ದವು ಎಂದು ಅವನು ಹೇಳಿದ. ಆಮೇಲೆ ಅವನೂ ಒಂದು ಪ್ರಶ್ನೆ ಕೇಳಿದ: ಹಳೆಯ ಮನೆಯಲ್ಲಿ ನಿಮಗೆ ಎಷ್ಟು ಮರ ಇದ್ದವು? ಪರಿಹಾರ ಎಷ್ಟು ಬಂತು ಎಂದು ಕೇಳುವವರನ್ನು ಅಜ್ಜಿ ಕಂಡಿದ್ದರು. ಮರದ ಲೆಕ್ಕ ಕೇಳಿದವರು ಕಡಿಮೆ ಇರಬೇಕು. ಅವರು ಬೆರಳು ಮಡಚುತ್ತ ಹಿತ್ತಿಲಿನ ತೆಂಗು, ಬಾವಿ ಪಕ್ಕದ ಮುರುಗಲು, ಬೇಲಿಯ ಗೇರು, ಒಂದು ಕರಿ ಇಶಾಡು, ಒಂದು ಬಿಳಿ ಇಶಾಡು ಎಂದು ದಿಕ್ಕು ಸಮೇತ ಎಣಿಸಿದರು. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಅಜ್ಜಿಯ ಆ ಮರ ಮಾತ್ರ ಬೇಲಿಯ ಒಳಗಾಯಿತು, ಈಗ ಇದೆಯೋ ಇಲ್ಲವೋ ಅವರಿಗೆ ತಿಳಿಯದು. ಇಬ್ಬರೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆ ಗಿಡಮರಗಳ ಮಾತನ್ನು ಬಹಳ ಹೊತ್ತು ಆಡಿದರು. ನೆಲ ಕಳೆದುಕೊಂಡವರಿಗೆ ಇನ್ನೊಬ್ಬರ ನೆಲದ ನೋವು ತಿಳಿಯಲು ಹೆಚ್ಚು ಮಾತು ಬೇಕಾಗುವುದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಭಾನುವಾರ ಬೆಳಿಗ್ಗೆ ಗೆಳೆಯನ ಮಾವನ ಓಮ್ನಿಯಲ್ಲಿ ಅಂಕೋಲೆಗೆ. ಈ ಊರು ಹೊರಗಿನವರಿಗೆ ಗೋಕರ್ಣಕ್ಕೆ ಹೋಗುವ ದಾರಿಯ ನಿಲ್ದಾಣ. ಚರಿತ್ರೆಯಲ್ಲಿ ಇದಕ್ಕೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ಒಂದು ವಾರಕ್ಕೆ, 1930ರ ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾಯಿದೆ ಮುರಿದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲೆಯೇ ಮುಖ್ಯ ಕೇಂದ್ರವಾಯಿತು. ಆಮೇಲೆ ಕರನಿರಾಕರಣೆ. ತೆರಿಗೆ ಕೊಡುವುದಿಲ್ಲ ಎಂದ ರೈತರ ಜಮೀನು, ದನ, ಪಾತ್ರೆ ಪಗಡಿ ಜಪ್ತಿಯಾದವು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕಷ್ಟ ಉಂಡರು, ಸರ್ಕಾರಕ್ಕೆ ತಲೆ ಬಾಗಲಿಲ್ಲ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಪ್ತಿಯಾದ ನೆಲವನ್ನು ಮರಳಿಸುವ ಕೆಲಸ ನಡೆಯಿತು.

ಏಪ್ರಿಲ್ 13 ಎಂದು ಕೇಳಿದ ಕೂಡಲೇ ಗೆಳೆಯ ಏಪ್ರಿಲ್ 23ರ ಮಾತು ಹೇಳಿದ. ಅದೇ 1930, ಅದೇ ಚಳವಳಿ, ಹತ್ತು ದಿನದ ಅಂತರ. ಪಖ್ತೂನರ ನಾಯಕ, ಬಾದ್‌ಶಾ ಖಾನ್ ಎಂದೇ ಹೆಸರಾದ ಖಾನ್ ಅಬ್ದುಲ್ ಗಫಾರ್ ಖಾನರನ್ನು ಬಂಧಿಸಿದ್ದಕ್ಕೆ ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಜನ ಸೇರಿದರು. ಆಯುಧವಿಲ್ಲದ ಜನರ ಮೇಲೆ ಗುಂಡು ಹಾರಿತು. ಗಢವಾಲಿ ಸೈನಿಕರು ಗುಂಡು ಹಾರಿಸಲು ಒಪ್ಪದೆ ಶಿಕ್ಷೆ ಉಂಡರು. ಗೆಳೆಯನ ಮನೆಯಲ್ಲಿ ಪಶ್ತೋ ಮಾತಾಡುತ್ತಾರೆ. ಬಾದ್‌ಶಾ ಖಾನ್ ಅವನಿಗೆ ಮನೆಯ ಹಿರಿಯರಂತೆ. 1988ರಲ್ಲಿ ಅವರು ತೀರಿಕೊಂಡಾಗ ಅವರ ಇಚ್ಛೆಯಂತೆ ಅಫ್ಗಾನಿಸ್ತಾನದ ಜಲಾಲಾಬಾದಿನಲ್ಲಿ ಮಣ್ಣು ಮಾಡಿದರು. ಅಂಕೋಲೆಯ ಗದ್ದೆಯ ರೈತನೂ ಪೇಶಾವರದ ಪೇಟೆಯ ಪಠಾಣನೂ ಒಂದೇ ತಿಂಗಳಿನಲ್ಲಿ, ಒಂದೇ ಕರೆಗೆ, ಆಯುಧ ಮುಟ್ಟದೆ ಎದ್ದು ನಿಂತಿದ್ದರು. ನಮ್ಮ ಶಾಲೆಯ ಪುಸ್ತಕದಲ್ಲಿ ಈ ಎರಡು ದಿನಾಂಕಗಳು ಬೇರೆ ಬೇರೆ ಪುಟದಲ್ಲಿದ್ದವು. ಒಂದೇ ಪುಟಕ್ಕೆ ತಂದವನು ಹೆಲ್ಮಂದಿನಿಂದ ಬಂದ ಹುಡುಗ.

ಗೋಖಲೆ ಸೆಂಟಿನರಿ ಕಾಲೇಜಿನ ಮುಂದೆ ಗಾಡಿ ನಿಲ್ಲಿಸಿದೆವು. ಅಂಕೋಲೆಯ ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಕಾಲೇಜು ಇದು, ಗೋಖಲೆಯವರ ಜನ್ಮಶತಮಾನದ ವರ್ಷವಾದ 1966ರಲ್ಲಿ ಆರಂಭವಾದದ್ದು. ದೇಸಾಯಿಯವರನ್ನು ಕನ್ನಡಿಗರು ಚುಟುಕದ ಕವಿಯೆಂದು ಬಲ್ಲರು. ಉಳುವವರ ಪರವಾಗಿ ಚಳವಳಿ ಕಟ್ಟಿದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಸ್ವಂತ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ತಮ್ಮ ನೆಲಕ್ಕೆ ಕಾಲಿಡದಂತೆ ಮಾಡಿದವರ ಮೇಲೆ ಹಗೆ ಸಾಧಿಸುತ್ತ ಕೂರದೆ ಅವರು ಮರಳಿ ಬಂದು ಜಿಲ್ಲೆಯ ತುಂಬ ಶಾಲೆ ಕಟ್ಟಿದರು. ಕಾಲೇಜು ಮೆಟ್ಟಿಲು ಹತ್ತಲು ಬೇರೆ ಊರಿಗೆ ಹೋಗಬೇಕಿದ್ದ ಮಕ್ಕಳಿಗೆ ಊರಿನಲ್ಲಿಯೇ ಓದು ಸಿಕ್ಕಿತು. ಗೇಟಿನ ಬಳಿ ನಿಂತು ನಮ್ಮ ಗೆಳೆಯ ಇದರಲ್ಲಿ ಹುಡುಗಿಯರೂ ಓದುತ್ತಾರೆಯೇ ಎಂದು ಕೇಳಿದ. ಓದುತ್ತಾರೆ ಎಂದೆವು.

ಅಲ್ಲಿಂದ ಶಿರೂರು. 2024ರ ಜುಲೈ 16ರಂದು ಇಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ರಸ್ತೆಯನ್ನು ದಾಟಿ ಗಂಗಾವಳಿಗೆ ಬಿತ್ತು. ದಾರಿಬದಿಯಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿದ್ದ ಚಾಲಕರು, ಎದ್ದ ನೀರಿನ ಹೊಡೆತಕ್ಕೆ ಸಿಕ್ಕ ಆಚೆ ದಡದ ಉಳುವರೆಯ ಮನೆ, ಎಲ್ಲ ಸೇರಿ ಹನ್ನೊಂದು ಜೀವ ಹೋದವು. ಕೇರಳದ ಲಾರಿಯೊಂದು ನದಿಯ ತಳದಿಂದ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್ 25ಕ್ಕೆ. ಗುಡ್ಡದ ಗಾಯ ಇನ್ನೂ ಕೆಂಪಾಗಿತ್ತು. ಧಾರವಾಡದಲ್ಲಿ ಹುಟ್ಟಿದ ನದಿ ಇಲ್ಲಿ ಇಷ್ಟು ಅಗಲ, ಇಷ್ಟು ಆಳ. ದೂರದ ಊರಿನಿಂದ ದುಡಿಯಲು ಹೊರಟವರು ಚಹಾ ಕುಡಿಯಲು ನಿಂತಲ್ಲಿಯೇ ಮುಗಿದುಹೋದರು. ನಮ್ಮಲ್ಲಿ ಮನೆ ಬಿಟ್ಟು ಬಂದವರೇ ಎಲ್ಲರೂ. ಯಾರೂ ಫೋಟೊ ತೆಗೆಯಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಮಂಜಗುಣಿ ಮುಟ್ಟಿದೆವು. ಗಂಗಾವಳಿ ಕಡಲಿಗೆ ಕೂಡುವ ಜಾಗ. ಇಳಿತದ ಹೊತ್ತು. ನದಿಯ ಮಸುಕು ಹಸಿರು ನೀರು ಕಡಲಿನ ನೀಲಿಗೆ ಹೋಗಿ ಸೇರುವ ಗೆರೆ ಸ್ಪಷ್ಟವಾಗಿತ್ತು. ಅಳಿವೆಯ ಮರಳಿನಲ್ಲಿ ಹೆಂಗಸರು ಸೊಂಟದಷ್ಟು ನೀರಿಗಿಳಿದು ಬಳಚು ಆಯುತ್ತಿದ್ದರು. ನಮ್ಮ ಗೆಳೆಯನಿಗೆ ತೋರಿಸಬೇಕೆಂದು ಬಂದದ್ದನ್ನು ತೋರಿಸಿಯಾಗಿತ್ತು. ಅವನು ಬಹಳ ಹೊತ್ತು ನೋಡಿ, ನಮ್ಮ ನದಿಯ ಮೇಲೆ ಎಲ್ಲರೂ ಕನಿಕರಪಡುತ್ತಾರೆ, ಪಾಪ, ಅದು ಕಡಲು ಮುಟ್ಟುವುದಿಲ್ಲ ಎನ್ನುತ್ತಾರೆ ಎಂದ. ಕಡಲಿಗೆ ಹೋಗದಿದ್ದರೇನು, ಅದು ಹೊಲಕ್ಕೆ ಹೋಗುತ್ತದೆ, ಮರಳುಗಾಡಿನ ನಡುವೆ ನಾವು ಉಂಡದ್ದೆಲ್ಲ ಅದರದೇ ನೀರು ಎಂದ. ನಿಮ್ಮ ನದಿ ಹೋಗಿ ಮುಟ್ಟಿತು, ನಮ್ಮದು ಹಂಚಿಕೊಟ್ಟು ಮುಗಿಯಿತು, ಎರಡೂ ನದಿಯ ಕೆಲಸವೇ ಎಂದ.

ಆ ಮಾತನ್ನು ನಾನು ಮರಳಿ ಬರುವಾಗ ಬಸ್ಸಿನಲ್ಲಿ ತುಂಬ ಯೋಚಿಸಿದೆ. ಓದಲು ಹೊರಟವರ ಬಗ್ಗೆ ನಾವು ಆಡುವುದು ಒಂದೇ ಮಾತು, ಎಲ್ಲಿಗೆ ಮುಟ್ಟಿದರು. ಹೊರದೇಶ ಸೇರಿದರೋ, ದೊಡ್ಡ ಕೆಲಸ ಹಿಡಿದರೋ, ಹೆಸರು ಮಾಡಿದರೋ. ನಮ್ಮ ಗೆಳೆಯ ಬೀಜದ ವಿದ್ಯೆ ಕಲಿತು ಲಷ್ಕರ್‌ಗಾಹ್‌ಗೆ ಮರಳಿ ಹತ್ತಿ ಬೆಳೆಯುವವರ ನಡುವೆ ಕೆಲಸ ಮಾಡಬೇಕೆಂದಿದ್ದಾನೆ. ಅದಕ್ಕೆ ದಾರಿ ಆಗುತ್ತದೆಯೋ ಇಲ್ಲವೋ ಅವನ ಕೈಯಲ್ಲಿಲ್ಲ. ಆದರೆ ಅವನ ಅಳತೆ ಬೇರೆ. ಹೊರಟ ನೀರು ಎಷ್ಟು ಹೊಲಕ್ಕೆ ಹರಿಯಿತು ಎಂಬುದು ಅವನ ಲೆಕ್ಕ. ದಿನಕರ ದೇಸಾಯಿಯವರ ಲೆಕ್ಕವೂ ಅದೇ ಆಗಿತ್ತು. ಹೊನ್ನಳ್ಳಿಯ ತುಳಸಿ ಗೌಡರದೂ ಅದೇ.

ಕಾರವಾರ, ಅಂಕೋಲೆಗೆ ವಾರಾಂತ್ಯಕ್ಕೆ ಹೋಗುವವರು ಈಗ ಬಹಳ. ಬೀಚು, ಬೋಟು, ಹೋಮ್‌ಸ್ಟೇ ಎಲ್ಲವೂ ಸಿಗುತ್ತವೆ, ಸಿಗಲಿ. ಅದರ ಜೊತೆಗೆ ಈ ದಂಡೆಯ ಜನರನ್ನೂ ಕಾಣಬೇಕು. ಇಲ್ಲಿನವರು ಒಂದು ಕಾಲಕ್ಕೆ ಸ್ವಾತಂತ್ರ್ಯಕ್ಕಾಗಿ ನೆಲ ಬಿಟ್ಟರು, ಇನ್ನೊಂದು ಕಾಲಕ್ಕೆ ನೌಕಾನೆಲೆಗಾಗಿ ಬಿಟ್ಟರು. ಈಗ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೆ ಜಮೀನು ಹೋಗುತ್ತಿದೆ, ಕೇಣಿಯ ಮೀನುಗಾರರು ಬಂದರು ಯೋಜನೆಗೆ ತಮ್ಮ ದಂಡೆ ಬಿಡುವುದಿಲ್ಲ ಎಂದು ನಿಂತಿದ್ದಾರೆ. ಇಷ್ಟು ಸಲ ಜಾಗ ಖಾಲಿ ಮಾಡಿದವರು ಬಂದ ಪರದೇಶಿಗೆ ಹಗ್ಗದಲ್ಲಿ ಜಾಗ ಬಿಟ್ಟುಕೊಟ್ಟರು, ತಟ್ಟೆಗೆ ಮೀನು ಬಡಿಸಿದರು. ಆ ದೊಡ್ಡತನವನ್ನು ನೋಡದೆ ಮರಳಿದರೆ ಕಾರವಾರ ನೋಡಿದಂತೆ ಆಗುವುದಿಲ್ಲ.

ಧಾರವಾಡ, ಬೆಂಗಳೂರು, ಮೈಸೂರು, ಮಣಿಪಾಲದ ಹಾಸ್ಟೆಲುಗಳಲ್ಲಿ ಹೊರನಾಡಿನಿಂದ, ಹೊರದೇಶದಿಂದ ಬಂದ ವಿದ್ಯಾರ್ಥಿಗಳಿದ್ದಾರೆ. ಶನಿವಾರ ನಾವೆಲ್ಲ ಚೀಲ ಹೆಗಲಿಗೇರಿಸಿ ಊರಿಗೆ ಹೊರಟಾಗ ಅವರು ಖಾಲಿ ಮೆಸ್ಸಿನಲ್ಲಿ ಉಣ್ಣುತ್ತಾರೆ. ಅವರನ್ನು ಒಂದು ಸಲ ನಿಮ್ಮ ಮನೆಗೆ ಕರೆದುಕೊಂಡು ಹೋಗಿ. ಅಜ್ಜಿಯ ಪಕ್ಕದಲ್ಲಿ ಕೂರಿಸಿ, ನಿಮ್ಮೂರಿನ ಬೆಳೆ ಯಾವುದು ಎಂದು ಕೇಳಿ. ಅವರಿಗೆ ಒಂದು ಮನೆ ಸಿಗುತ್ತದೆ. ನಿಮ್ಮ ಊರಿನ ಬಗ್ಗೆ ನಿಮಗೇ ಗೊತ್ತಿರದ ಎಷ್ಟೋ ಸಂಗತಿ ಅವರ ಪ್ರಶ್ನೆಗಳಿಂದ ನಿಮಗೂ ಸಿಗುತ್ತದೆ. ತೋಡೂರಿನ ಅಜ್ಜಿ ಮೇ ತಿಂಗಳಿಗೆ ಇಶಾಡು ಹಣ್ಣು ತಿನ್ನಲು ಬರಬೇಕೆಂದು ಹೇಳಿಕಳಿಸಿದ್ದಾರೆ. ಹೋಗುತ್ತೇವೆ, ಈ ಸಲ ಹಾಸ್ಟೆಲಿನಲ್ಲಿರುವ ಇನ್ನೂ ಕೆಲವರನ್ನು ಕರೆದುಕೊಂಡು.